ಸಿಡಿದ ನಕ್ಷತ್ರ, ಬೆಳಗಿದ ಉಂಗುರ

1987ರ ಫೆಬ್ರವರಿಯಲ್ಲಿ ದಕ್ಷಿಣದ ಆಕಾಶದಲ್ಲಿ ನಕ್ಷತ್ರವೊಂದು ಸಿಡಿದದ್ದು ಬರಿಗಣ್ಣಿಗೇ ಕಂಡಿತು. ಸಿಡಿಯುವುದಕ್ಕೆ ಸುಮಾರು 20,000 ವರ್ಷ ಮೊದಲೇ ಅದು ಚೆಲ್ಲಿದ್ದ ಅನಿಲ ಉಂಗುರದಂತೆ ಸುತ್ತ ನಿಂತಿತ್ತು. ಸಿಡಿತದ ಹೊಡೆತ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಓಡಿಯೂ ಆ ಉಂಗುರವನ್ನು ಮುಟ್ಟಲು ಎಂಟು-ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ನಕ್ಷತ್ರ ಮಂಕಾಗಿತ್ತು. ಹೊಡೆತ ಬಿದ್ದಲ್ಲೆಲ್ಲ ಅನಿಲ ಕಾದು, ಮೊದಲೊಂದು ಕಿಡಿ, ಆಮೇಲೆ ಹತ್ತು, ಕೊನೆಗೆ ಮುತ್ತಿನ ಸರದಂತೆ ಬೆಳಗಿತು.

ಇದರಿಂದ ನಮಗೇನು ಎನ್ನಬೇಡಿ. ಇಂಥ ಸಿಡಿತಗಳಲ್ಲಿ ಹುಟ್ಟಿದ ಕಬ್ಬಿಣ ಸುತ್ತಲಿನ ಅನಿಲದಲ್ಲಿ ಬೆರೆತು, ಆ ಅನಿಲದಿಂದಲೇ ನಮ್ಮ ಸೂರ್ಯ, ಭೂಮಿ ಆದವು. ನಾವು ದೋಸೆ ಹೊಯ್ಯುವ ಕಾವಲಿ, ಗಿರಣಿಯ ಮಗ್ಗ, ನಮ್ಮ ನೆತ್ತರು, ಎಲ್ಲದರಲ್ಲೂ ಇರುವುದು ಅದೇ ಕಬ್ಬಿಣ. ಧಣಿಯ ತಿಜೋರಿಯದೂ ಬೇರೆಯಲ್ಲ!

ಆ ಹೊಡೆತ ಈಗ ಉಂಗುರವನ್ನೂ ದಾಟಿ ಹೊರಟಿದೆ; ಉಂಗುರ ಮಂಕಾಗುತ್ತಿದೆ.