ಹಿನ್ನೀರಿನ ದಡದ ದೀಪ



ಬೇಡಿದುದು ಕೈಗೂಡದೆ ವರ್ಷಗಳು ಉರುಳಿದರೂ ದೇವರಿಗೆ ಕೈಮುಗಿಯುವುದೇತಕ್ಕೆ? ವಿದ್ಯಾವಂತರಾದ ನಾವು ಈ ಪ್ರಶ್ನೆಯನ್ನು ಬಹು ಸುಲಭವಾಗಿ ಕೇಳಿಬಿಡುತ್ತೇವೆ. ಉತ್ತರವನ್ನು ಶರಾವತಿಯ ದಡದಲ್ಲಿ ಅರಸೋಣ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ, ಸಾಗರ, ಹೊಸನಗರ ಸೀಮೆಗಳ ಗದ್ದೆ, ತೋಟ, ಮನೆಗಳು ನೀರಿನ ಪಾಲಾದುವು. ನಾಡಿಗೆ ವಿದ್ಯುತ್ತು ಬಂದಿತು. ನೆಲ ತೆತ್ತವರಲ್ಲಿ ಅನೇಕರಿಗೆ ಹೊಸ ನೆಲದ ಹಕ್ಕುಪತ್ರ ಇಂದಿಗೂ ದೊರೆತಿಲ್ಲ. ತುಮರಿಯ ಕಡೆಯ ಹಳ್ಳಿಗಳವರು ಸಾಗರಕ್ಕೆ ಬರಲು ಲಾಂಚನ್ನು ನಂಬಬೇಕಾಯಿತು. ಇಲ್ಲವೆ ಬಹುದೂರ ಸುತ್ತಬೇಕಾಯಿತು. ಕತ್ತಲಾದ ಮೇಲೆ ಲಾಂಚಿರಲಿಲ್ಲ. ಆ ರಾತ್ರಿ ಮನೆಯಲ್ಲಿ ರೋಗಿಯಿದ್ದರೆ, ದೀಪ ಹಚ್ಚಿ, ಸಿಗಂದೂರಿನ ಚೌಡೇಶ್ವರಿಯನ್ನು ನೆನೆದು, ಬೆಳಗನ್ನು ಕಾಯಬೇಕಾಗಿತ್ತು.

ಹಾಗೆಂದು ಅವರು ಕೈಕಟ್ಟಿ ಕುಳಿತವರಲ್ಲ. ಸೇತುವೆಗಾಗಿ ಅರ್ಜಿ ಬರೆದರು, ಹೋರಾಡಿದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅಷ್ಟರಲ್ಲಿ ಮೊದಲು ಬೇಡಿದವರಲ್ಲಿ ಎಷ್ಟೋ ಮಂದಿ ಕಣ್ಮುಚ್ಚಿದ್ದರು. ಅವರ ಪ್ರಾರ್ಥನೆ ವ್ಯರ್ಥವಾಯಿತೆ? ದೇವರು ಸೇತುವೆ ಕಟ್ಟಿದನೆಂದು ನಾವು ಹೇಳಲಾರೆವು. ಸೇತುವೆಯಿಲ್ಲದ ಸುಮಾರು 60 ವರ್ಷ ಅವರ ಎದೆ ಕುಸಿಯದಂತೆ ಕಾದುದು ಆ ದೀಪವೆಂದು ಮಾತ್ರ ನಮಗೆ ತೋರುತ್ತದೆ.

ಹಕ್ಕುಪತ್ರಕ್ಕೆ ಕಾದಿರುವ ಮನೆಗಳಲ್ಲಿ ಇಂದು ಸಂಜೆಯೂ ದೀಪ ಹಚ್ಚುತ್ತಾರೆ. ಅರ್ಜಿ ಬರೆದ ಕೈಯೇ ಅದನ್ನು ಹಚ್ಚುವುದು. ಆ ಅರ್ಜಿಯನ್ನು ಮರೆಯದಿರುವುದು ಬೆಳಕನ್ನುಂಡ ನಮ್ಮ ಪಾಲಿನ ಪ್ರಾರ್ಥನೆಯಾಗಲಿ.