ಕೈಗಡಿಯಾರವೇ ಫೋನಾದರೆ?



ರಾಗಿ ಹೊಲದಲ್ಲಿ ಕಳೆ ಕೀಳುವಾಗ ಫೋನು ಬದುವಿನ ಮೇಲಿರುತ್ತದೆ, ಕರೆ ತಪ್ಪಿಹೋಗುತ್ತದೆ. ‘ಫೋನ್ ಬದ್ಲು ಸ್ಮಾರ್ಟ್‌ವಾಚ್ ಕಟ್ಕೊಂಡ್ರೆ ಸಾಲ್ದಾ?’ ಎಂದು ಹಳ್ಳಿಮೈಸೂರಿನ ನಾವೂ ಕೇಳಿಕೊಳ್ಳುತ್ತೇವೆ.

ಕೊಳ್ಳುವ ಮುಂಚೆ ವಿಚಾರಿಸೋಣ. ಬರೀ ಬ್ಲೂಟೂತ್ ಇರುವ ವಾಚಿನಲ್ಲಿ ಮಾತಾಡಲು ಫೋನು ಹತ್ತಿರವೇ ಇರಬೇಕು. ಸಿಮ್ ಅಥವಾ ಇ-ಸಿಮ್ ಇರುವ ವಾಚು ಒಂಟಿಯಾಗಿ ಕರೆ ಮಾಡುತ್ತದೆ. ಆದರೆ ಅಂಥ ಹಲವು ವಾಚುಗಳನ್ನು ಶುರುಮಾಡಲೂ ಸ್ಮಾರ್ಟ್‌ಫೋನ್ ಬೇಕು. ಚಾರ್ಜೂ ಬೇಗ ಮುಗಿಯುತ್ತದೆ.

ಹಣ ಕಳಿಸಲಿಕ್ಕೋ? ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಚಾಲನೆ ಕೊಟ್ಟ ಯುಪಿಐ 123ಪೇ ಇದೆ. ಇಂಟರ್‌ನೆಟ್ ಇಲ್ಲದ ಬಟನ್ ಫೋನಲ್ಲೂ ಅದು ನಡೆಯುತ್ತದೆ.

ಆದ್ದರಿಂದ ವಾಚಿಗೆಂದು ಸಂಘದ ಸಾಲ ಎತ್ತೋದು ಬೇಡ. ಬಟನ್ ಫೋನೇ ಆಗಲಿ, ಬ್ಯಾಂಕಿಗೆ ಕೊಟ್ಟ ನಂಬರ್ ನಮ್ಮ ಹೆಸರಿನಲ್ಲಿ, ನಮ್ಮ ಕೈಯಲ್ಲೇ ಇರಲಿ. ಓಟಿಪಿ ಯಾರಿಗೂ ಹೇಳದಿರೋಣ.