ಕ್ಲೂನಿ: ಉಳಿದ ಕಲ್ಲುಗಳ ಸಾಕ್ಷ್ಯ

ಫ್ರಾನ್ಸಿನ ಬರ್ಗಂಡಿ ಸೀಮೆಯ ಪುಟ್ಟ ಊರು ಕ್ಲೂನಿ. ಅಲ್ಲಿನ ಬೆನೆಡಿಕ್ಟೀನ್ ಮಠದ ಅಧಿಪತಿ ಹ್ಯೂ 1088ರಲ್ಲಿ ಕಟ್ಟಿಸತೊಡಗಿದ ಚರ್ಚು, ಮುಂದೆ ಮುಖಮಂಟಪವೂ ಸೇರಿ ಸುಮಾರು 187 ಮೀಟರ್ ಉದ್ದಕ್ಕೆ ಬೆಳೆಯಿತು. ರೋಮಿನಲ್ಲಿ ಈಗಿನ ಸಂತ ಪೀಟರ್ ಚರ್ಚು ಏಳುವ ತನಕ ಕ್ರೈಸ್ತ ಜಗತ್ತಿನಲ್ಲಿ ಅಷ್ಟು ದೊಡ್ಡ ಚರ್ಚು ಬೇರೊಂದಿರಲಿಲ್ಲ. ಇಂದು ಅದರ ಹತ್ತರಲ್ಲೊಂದು ಪಾಲೂ ಉಳಿದಿಲ್ಲ. ಕೆಡವಿದವರು ಯಾರೆಂದರೆ ಫ್ರೆಂಚ್ ಕ್ರಾಂತಿಕಾರರು ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಅರ್ಧ ಸತ್ಯ. ಕ್ಲೂನಿಯನ್ನು ನುಂಗಿದ್ದು ರೊಚ್ಚಿಗಿಂತ ಹೆಚ್ಚಾಗಿ ವ್ಯಾಪಾರ.

ಮಠ ಮುಚ್ಚಿದ್ದು 1790ರಲ್ಲಿ. 1793ರಲ್ಲಿ ದಾಂಧಲೆ ನಡೆದದ್ದೂ ನಿಜ. ಆದರೆ ಗೋಡೆ, ಕಮಾನು, ಗೋಪುರಗಳು ಆಗಲೂ ನಿಂತೇ ಇದ್ದವು. 1798ರಲ್ಲಿ ಅದನ್ನು ರಾಷ್ಟ್ರದ ಆಸ್ತಿಯೆಂದು ವ್ಯಾಪಾರಿಗಳಿಗೆ ಮಾರಿದ ಮೇಲೆ ಚರ್ಚು ಕಲ್ಲಿನ ಗಣಿಯಾಯಿತು. ಕೊಂಡವರು ನಡುವೆ ಬೀದಿಯನ್ನೇ ಹಾಯಿಸಿದರು. 1810ರಲ್ಲಿ ಮಹಾದ್ವಾರವನ್ನು ಮದ್ದಿಟ್ಟು ಸಿಡಿಸಲಾಯಿತು. ಕೆಡವುವ ಕೆಲಸ 1823ರ ವರೆಗೂ ಎಳೆಯಿತು. ಜಾಗದ ಒಂದು ಭಾಗದಲ್ಲಿ ಸರ್ಕಾರಿ ಕುದುರೆ ಲಾಯ ಎದ್ದಿತು. ಜನರ ಸಿಟ್ಟು ಇಪ್ಪತ್ತೈದು ವರ್ಷ ಇಷ್ಟು ತಾಳ್ಮೆಯಿಂದ ದುಡಿಯುವುದಿಲ್ಲ. ಕ್ರಾಂತಿಯಾಗದಿದ್ದರೆ ಮಾರಾಟವೇ ಆಗುತ್ತಿರಲಿಲ್ಲವಲ್ಲ ಎನ್ನಬಹುದು. ಒಪ್ಪೋಣ. ಆದರೆ ಅದೇ ಕ್ರಾಂತಿ ಮೋಂ ಸೇಂ ಮಿಶೆಲ್ ಮಠವನ್ನೂ ಕಿತ್ತುಕೊಂಡಿತ್ತು. ಅದು ಸೆರೆಮನೆಯಾಗಿ ಬಳಕೆಯಾದದ್ದರಿಂದ ಉಳಿಯಿತು. ಕ್ಲೂನಿಯಲ್ಲಿ ಕಟ್ಟಡಕ್ಕಿಂತ ಬಿಡಿ ಕಲ್ಲಿಗೇ ಗಿರಾಕಿಗಳಿದ್ದರು.

ಶಿಲುಬೆಯಾಕಾರದ ಆ ಚರ್ಚಿನ ದಕ್ಷಿಣ ತೋಳು, ಅದರ ಮೇಲಿನ ಎಂಟು ಮೂಲೆಯ ಗಂಟೆಗೋಪುರದೊಂದಿಗೆ ಈಗಲೂ ನಿಂತಿದೆ. ಒಳಗೆ ನಿಂತು ತಲೆಯೆತ್ತಿದರೆ ಛಾವಣಿ ಸುಮಾರು 30 ಮೀಟರ್ ಮೇಲಿದೆ. ಗಾಥಿಕ್ ಶೈಲಿ ಹುಟ್ಟುವ ಮೊದಲೇ ಇಲ್ಲಿ ಚೂಪು ಕಮಾನುಗಳಿದ್ದವು. ಗರ್ಭಭಾಗದ ಕಂಬಗಳ ಬೋದಿಗೆಗಳನ್ನು ಮಠದ ಹಳೆಯ ಕಣಜದಲ್ಲಿ ಇಟ್ಟಿದ್ದಾರೆ. ಒಂದರ ಮೇಲೆ ತಂತಿವಾದ್ಯ ಮೀಟುವವನೊಬ್ಬನಿದ್ದಾನೆ, ಅವನ ಸುತ್ತ ಕೊರೆದ ಲ್ಯಾಟಿನ್ ಅಕ್ಷರಗಳು ಪ್ರಾರ್ಥನಾಗಾನದ ಸ್ವರಕ್ರಮವನ್ನು ಹೆಸರಿಸುತ್ತವೆ. ಅಮೆರಿಕದ ವಿದ್ವಾಂಸ ಕೆನೆತ್ ಕಾನಂಟ್ 1928ರಿಂದ ಅಲ್ಲಿ ಉತ್ಖನನ ನಡೆಸಿ ಇಡೀ ಚರ್ಚಿನ ನಕ್ಷೆಯನ್ನು ಬರೆದರು. ಒಂದು ತೋಳು ನೋಡಿ ಇಡೀ ದೇಹ ಬರೆದರೆ ಅದು ಕಲ್ಪನೆಯಲ್ಲವೇ? ಕಲ್ಪನೆಯ ಪಾಲು ಇದೆ, ನಂತರದವರು ಅವರನ್ನು ತಿದ್ದಿಯೂ ಇದ್ದಾರೆ. ಆದರೆ ಆ ತಿದ್ದುಪಡಿಗೂ ಆಧಾರ ನೆಲದೊಳಗಿನ ಅಡಿಪಾಯ, ಕೆಡವುವ ಮುನ್ನ ಬರೆದಿಟ್ಟ ಚಿತ್ರಗಳು ಮತ್ತು ಈ ತೋಳು. ಪೂರ್ತಿ ಉಳಿಸಲಾಗದಿದ್ದರೆ ಬಿಟ್ಟುಬಿಡೋಣ ಎನ್ನುವವರಿಗೆ ಕ್ಲೂನಿಯ ಉತ್ತರ ಇದು: ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ನಿಂತಿದ್ದರೂ ಇತಿಹಾಸದ ತಪ್ಪು ತಿದ್ದಲು ಆಧಾರ ಸಿಗುತ್ತದೆ.